ಗಡಿಯಾರ ಹಿಂದಕ್ಕೆ ಹೋಗುವ ಮೊದಲು

ಆಗಸ್ಟಿನಲ್ಲಿ ದಾವಣಗೆರೆಯಿಂದ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಇಥಾಕಾಗೆ ಬಂದಿದ್ದೀರಿ. ನಿಮ್ಮ ಯಜಮಾನರು ಇಲ್ಲಿನ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ಮುಗಿಸಿದ ಸಂಶೋಧಕರು, ಬೆಳಿಗ್ಗೆ ಲ್ಯಾಬಿಗೆ ಹೋದರೆ ರಾತ್ರಿಯೇ ಬರುವುದು. ಮಗಳಿಗೆ ಒಂಬತ್ತು, ಮಗನಿಗೆ ನಾಲ್ಕು. ಇನ್ನೂ ಕಾರು ತೆಗೆದುಕೊಂಡಿಲ್ಲ. "ಇದು ಹುಡುಗರು ಓದುವ ಊರು, ಸಂಸಾರಸ್ಥರು ಶನಿವಾರ ಭಾನುವಾರ ಏನ್ ಮಾಡ್ತಾರೆ ಅಕ್ಕಾ? ಕನ್ನಡದವರು ಸಿಗ್ತಾರಾ?" ಅಂತ ಕೇಳಿದ್ದೀರಿ.

ಎರಡನೇ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಸಿಗುತ್ತಾರೆ, ಆದರೆ ಬೆರಳಲ್ಲಿ ಎಣಿಸುವಷ್ಟು. ಅವರಲ್ಲೂ ಅರ್ಧ ಜನ ಓದು ಮುಗಿಸಿ ಹೊರಡುವ ತಯಾರಿಯಲ್ಲಿ ಇರುತ್ತಾರೆ. ನಾನು 2011ರಲ್ಲಿ ಬಂದಾಗ ಇಡೀ ಸೆಪ್ಟೆಂಬರ್, ಅಕ್ಟೋಬರ್ ಕನ್ನಡದವರು ಯಾರಾದರೂ ಸಿಗಲಿ ಅಂತ ಕಾಯುತ್ತಾ ಮನೆಯಲ್ಲೇ ಕೂತೆ. ಊರಿಗೆ ಊರೇ ಬೀದಿಯಲ್ಲಿತ್ತು, ನಾನು ಅಮ್ಮನ ಜೊತೆ ಫೋನಿನಲ್ಲಿದ್ದೆ. ನವೆಂಬರಿನ ಮೊದಲ ಭಾನುವಾರ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ. ಡಿಸೆಂಬರಿಗೆ ಬಂದರೆ ನಾಲ್ಕೂವರೆಗೆಲ್ಲ ದೀಪ ಹಚ್ಚುವ ಹೊತ್ತು. ಚಳಿಗಾಲ ಮುಗಿಯುವವರೆಗೆ ಎದುರು ಮನೆಯವರ ಮುಖವೂ ಕಾಣುವುದಿಲ್ಲ. ಹಾಗಾಗಿ ನೀವು ಕನ್ನಡದವರಿಗೆ ಕಾಯಬೇಡಿ. ಈಗಿನ ಏಳೆಂಟು ವಾರದಲ್ಲಿ ಹೆಸರು ಹಿಡಿದು ಕರೆಯುವಂಥ ನಾಲ್ಕು ಜನರನ್ನು ಸಂಪಾದಿಸಿಕೊಳ್ಳಿ. ಈ ಊರಿನ ಶರತ್ಕಾಲ ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಮೊದಲು ಪೋರ್ಚ್‌ಫೆಸ್ಟ್. ಸೆಪ್ಟೆಂಬರಿನ ಒಂದು ಭಾನುವಾರ ಮಧ್ಯಾಹ್ನ ಫಾಲ್ ಕ್ರೀಕ್ ಮತ್ತು ನಾರ್ತ್‌ಸೈಡ್ ಬಡಾವಣೆಗಳಲ್ಲಿ ನಡೆಯುತ್ತದೆ. ಪೋರ್ಚ್ ಅಂದರೆ ಜಗಲಿ, ಅಷ್ಟೇ. ಮನೆಯವರು ಜಗಲಿ ಬಿಟ್ಟುಕೊಡುತ್ತಾರೆ, ಊರಿನ ಹಾಡುಗಾರರು ಅಲ್ಲಿ ನಿಂತು ಹಾಡುತ್ತಾರೆ, ನಾವು ಬೀದಿಯಿಂದ ಬೀದಿಗೆ ಕೇಳುತ್ತಾ ಹೋಗುವುದು. ಟಿಕೆಟ್ ಇಲ್ಲ. 2007ರಲ್ಲಿ ಇಲ್ಲೇ ಶುರುವಾಗಿದ್ದು, ಈಗ ಬೇರೆ ಎಷ್ಟೋ ಊರುಗಳಲ್ಲಿ ಮಾಡುತ್ತಾರೆ. ನನ್ನ ಎರಡನೇ ವರ್ಷ ಒಂದು ಹಳದಿ ಮನೆಯ ಮುಂದೆ ಯಾರೋ ಬ್ಯಾಂಜೊ ನುಡಿಸುತ್ತಿದ್ದರು. ನನ್ನ ಮಗ ಸೀದಾ ಹೋಗಿ ಮೆಟ್ಟಿಲ ಮೇಲೆ ಕೂತುಬಿಟ್ಟ. ಎಳೆದುಕೊಂಡು ಬರೋಣ ಅಂತ ಹೋದರೆ ಆ ಮನೆಯಾಕೆ ನನಗೂ ಒಂದು ಕುರ್ಚಿ ಹಾಕಿದರು, ನೀರು ಕೊಟ್ಟರು. ನಾವು ಊರಿಗೆ ಹೋದಾಗ ಈಗಲೂ ನಮ್ಮ ಮನೆಯ ಕೀಲಿ ಅವರ ಹತ್ತಿರವೇ ಇರುವುದು.

ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್ ಮೊದಲಿಗೆ ಪೇಟೆ ಮಧ್ಯದ ಕಾಮನ್ಸ್‌ನಲ್ಲಿ ಸೇಬಿನ ಜಾತ್ರೆ, ಆಪಲ್ ಫೆಸ್ಟ್. ಮೂರು ದಿನ. ನನ್ನ ಕೇಳಿದರೆ ಶನಿವಾರ ಮಧ್ಯಾಹ್ನ ಮಾತ್ರ ಬೇಡ, ಸುಮ್ನೆ ನೂಕುನುಗ್ಗಲು. ಶುಕ್ರವಾರ ಹೋಗಿ. ಜಾತ್ರೆಯ ತಿಂಡಿ ದುಬಾರಿ, ಸೇಬು ಮಾತ್ರ ಚೆನ್ನಾಗಿರುತ್ತದೆ. ಕಾರ್ಟ್‌ಲ್ಯಾಂಡ್, ಎಂಪೈರ್, ಸ್ನ್ಯಾಪ್‌ಡ್ರಾಗನ್ ಇವೆಲ್ಲ ಹತ್ತಿರದ ಜಿನೀವಾದಲ್ಲಿರುವ ಕಾರ್ನೆಲ್ ಕೃಷಿ ಸಂಶೋಧನಾ ಕೇಂದ್ರದಲ್ಲೇ ಬೆಳೆಸಿದ ತಳಿಗಳು. ಮಕ್ಕಳ ಡಬ್ಬಿಗೆ ಕಾರ್ಟ್‌ಲ್ಯಾಂಡ್ ತಗೊಳ್ಳಿ, ಹೆಚ್ಚಿಟ್ಟರೂ ಬೇಗ ಕಪ್ಪಾಗುವುದಿಲ್ಲ. ಹಸಿರು ಹುಳಿ ಸೇಬು ಸಿಕ್ಕರೆ ನಾಲ್ಕು ಜಾಸ್ತಿ ತನ್ನಿ. ಸಣ್ಣಗೆ ಹೆಚ್ಚಿ ಉಪ್ಪು, ಖಾರದ ಪುಡಿ, ಸಾಸಿವೆ ಇಂಗಿನ ಒಗ್ಗರಣೆ ಹಾಕಿದರೆ ಮದುವೆಮನೆಯ ಮಾವಿನಕಾಯಿ ಉಪ್ಪಿನಕಾಯಿಗೆ ತೀರಾ ದೂರವಿಲ್ಲ. ಇನ್ನೊಂದು ಮಾತು. ಇಲ್ಲಿ ಬರೀ ಸೈಡರ್ ಅಂದರೆ ಸೋಸದ ಸೇಬಿನ ರಸ, ಮಕ್ಕಳಿಗೂ ಕೊಡಬಹುದು. ಹಾರ್ಡ್ ಸೈಡರ್ ಅಂದರೆ ಹೆಂಡದ ಜಾತಿ. ನಮ್ಮ ಮಾವನವರು ಬಂದಿದ್ದಾಗ ಬೋರ್ಡು ಪೂರ್ತಿ ಓದದೆ ಒಂದು ಗ್ಲಾಸ್ ಕುಡಿದು, "ಸ್ವಲ್ಪ ಹುಳಿ ಬಂದಿದೆ, ಆದ್ರೂ ಚೆನ್ನಾಗಿದೆ" ಅಂದಿದ್ದರು. ಅತ್ತೆಗೆ ಇವತ್ತಿಗೂ ಹೇಳಿಲ್ಲ.

ಕಾಮನ್ಸ್‌ಗೆ ಹೋದಾಗ ಅಲ್ಲೇ ಇರುವ ಸೂರ್ಯನನ್ನು ಮಕ್ಕಳಿಗೆ ತೋರಿಸಿ. ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಕಾರ್ನೆಲ್‌ನಲ್ಲಿ ಪಾಠ ಮಾಡುತ್ತಿದ್ದವರು. ಅವರ ನೆನಪಿಗೆ 1997ರಲ್ಲಿ ಇಡೀ ಸೌರಮಂಡಲವನ್ನು 500 ಕೋಟಿ ಪಟ್ಟು ಕುಗ್ಗಿಸಿ ಬೀದಿಯಲ್ಲಿ ಕಂಬಗಳಾಗಿ ನಿಲ್ಲಿಸಿದ್ದಾರೆ. ಸೂರ್ಯ ಊಟದ ತಟ್ಟೆಯಷ್ಟು ಅಗಲ. ಅಲ್ಲಿಂದ 30 ಮೀಟರ್ ನಡೆದರೆ ಭೂಮಿ, ಸಾಸಿವೆ ಕಾಳಿಗಿಂತ ಚೂರು ದೊಡ್ಡದು. ನನ್ನ ಮಗ ಅದಕ್ಕೆ ಮೂಗು ತಾಗಿಸಿ ನಿಂತು, "ಇದರಲ್ಲಿ ಅಜ್ಜಿ ಮನೆ ಎಲ್ಲಿ?" ಅಂದಿದ್ದ. ಪ್ಲೂಟೊ ಸುಮಾರು 1.2 ಕಿಲೋಮೀಟರ್ ಆಚೆ, ಸೈನ್ಸೆಂಟರ್ ಎಂಬ ಮಕ್ಕಳ ವಿಜ್ಞಾನ ಮ್ಯೂಸಿಯಂ ಹತ್ತಿರ. ಚಿಕ್ಕವನು ಗುರುಗ್ರಹ ಬರುವ ಹೊತ್ತಿಗೇ ಎತ್ಕೋ ಅನ್ನುತ್ತಾನೆ, ತಯಾರಾಗಿರಿ.

ಅಕ್ಟೋಬರಿನಲ್ಲಿ ಟಾಂಪ್ಕಿನ್ಸ್ ಕೌಂಟಿ ಲೈಬ್ರರಿಯ ಮಿತ್ರರ ಬಳಗ ಹಳೇ ಪುಸ್ತಕ ಮಾರುತ್ತದೆ. ಮೊದಲ ದಿನ ಜನ ಕತ್ತಲಿರುವಾಗಲೇ ಬಂದು ಸಾಲು ನಿಲ್ಲುತ್ತಾರೆ. ನಮಗೆ ಆ ಅವಸರ ಬೇಡ, ದಿನ ಕಳೆದಂತೆ ಬೆಲೆ ಇಳಿಯುತ್ತಾ ಹೋಗುತ್ತದೆ. ಕೊನೆಯ ದಿನಗಳಲ್ಲಿ ಹೋಗಿ, ಚೀಲ ಮರೀಬೇಡಿ. ಡಿಪೆಂಡೆಂಟ್ ವೀಸಾದಲ್ಲಿ, ಅಂದರೆ ಯಜಮಾನರ ವೀಸಾದ ಆಧಾರದ ಮೇಲೆ ಇದ್ದ ನನಗೆ ಸಂಬಳದ ಕೆಲಸ ಮಾಡುವ ಹಾಗಿರಲಿಲ್ಲ, ಹಾಗಾಗಿ ಅಲ್ಲಿ ಪುಸ್ತಕ ವಿಂಗಡಿಸಲು ಹೋಗುತ್ತಿದ್ದೆ. ನನ್ನ ಇಂಗ್ಲಿಷಿನ ಭಯ ಹೋಗಿದ್ದು ಅಲ್ಲಿ, ಎಪ್ಪತ್ತು ದಾಟಿದ ಇಬ್ಬರು ಅಜ್ಜಿಯರ ಮಧ್ಯೆ ಕೂತು. ಅವರು ಮಾತಾಡಿದಷ್ಟು ನಿಧಾನವಾಗಿ ಈ ಊರಿನಲ್ಲಿ ಬೇರೆ ಯಾರೂ ಮಾತಾಡುವುದಿಲ್ಲ.

ಇನ್ನು ಅಕ್ಟೋಬರ್ 31ರ ಹ್ಯಾಲೊವೀನ್. ಮಗಳು ಶಾಲೆಯಿಂದ ಆಗಲೇ ಸುದ್ದಿ ತಂದಿರಬೇಕು, ಅಲ್ವಾ? ಮಕ್ಕಳು ವೇಷ ಹಾಕಿ ಮನೆಮನೆಗೆ ಹೋಗಿ ಚಾಕಲೇಟ್ ಕೇಳುತ್ತಾರೆ. ಜಗಲಿ ದೀಪ ಹಚ್ಚಿದ ಮನೆಗೆ ಮಾತ್ರ ಹೋಗಬೇಕು, ಆರಿಸಿದ್ದರೆ ಬರಬೇಡಿ ಅಂತ ಅರ್ಥ. ನಾನು ಮಗನಿಗೆ ಕೃಷ್ಣನ ವೇಷ ಹಾಕಿದ್ದೆ. ಪಂಚೆ, ಸರ, ಕೊಳಲು, ಎಲ್ಲ ಊರಿಂದ ತರಿಸಿದ್ದು. ಸಂಜೆ ಹೊರಗೆ ಕಾಲಿಟ್ಟರೆ ಮೈ ಕೊರೆಯುವ ಚಳಿ. ಮೇಲೊಂದು ದಪ್ಪ ಜಾಕೆಟ್ ತೊಡಿಸಿದೆ, ತಲೆಯ ನವಿಲುಗರಿ ಬಿಟ್ಟು ಏನೂ ಕಾಣದಂತಾಯಿತು. ಎಲ್ಲರೂ "ಎಂಥ ಮುದ್ದಾದ ಹಕ್ಕಿ" ಅಂದರು. ಮೂರನೇ ಮನೆಯ ಹೊತ್ತಿಗೆ ಅವನೂ ರೆಕ್ಕೆ ಬಡಿಯಲು ಶುರು ಮಾಡಿದ್ದ. ನೀವು ವೇಷವನ್ನು ಎರಡು ಸೈಜ್ ದೊಡ್ಡದು ತಗೊಂಡು ಜಾಕೆಟ್ ಮೇಲೆ ಹಾಕಿ.

ಅವತ್ತೇ ಇನ್ನೊಂದು ಎಡವಟ್ಟಾಯಿತು. ನಮ್ಮ ಮನೆಗೆ ಬಂದ ಮಕ್ಕಳಿಗೆ ಕಡಲೆಕಾಯಿ ಚಿಕ್ಕಿ ಮಾಡಿ ಕೊಟ್ಟಿದ್ದೆ. ಒಬ್ಬ ತಾಯಿ ಓಡಿ ಬಂದು, ತುಂಬಾ ನಯವಾಗಿ, ಅದನ್ನು ವಾಪಸ್ ಕೊಟ್ಟರು. ಮಗುವಿಗೆ ಕಡಲೆಕಾಯಿ ಅಲರ್ಜಿಯಂತೆ. ಇಲ್ಲಿ ಅದು ಜೀವಕ್ಕೇ ಬರುವ ವಿಷಯ. ಅಂಗಡಿಯ ಪೊಟ್ಟಣದ್ದನ್ನೇ ಕೊಡಿ, ಒಡೆಯದೆ. ನೀವು ಸಸ್ಯಾಹಾರಿ ಅಂದಿರಿ. ಮಾರ್ಷ್‌ಮ್ಯಾಲೊ, ಗಮ್ಮಿ ಇವುಗಳಲ್ಲಿ ಸಾಮಾನ್ಯವಾಗಿ ಜೆಲಟಿನ್ ಇರುತ್ತದೆ, ಅಂದರೆ ಪ್ರಾಣಿಯ ಚರ್ಮ ಮೂಳೆಯದು. ಮಕ್ಕಳ ಚೀಲ ಬಂದ ಮೇಲೆ ಅದನ್ನಷ್ಟು ಆರಿಸಿ ತೆಗೆಯಿರಿ.

ಕಾರ್ನೆಲ್ ಕೀಟಶಾಸ್ತ್ರ ವಿಭಾಗದವರು ಇನ್ಸೆಕ್ಟಾಪಲೂಜಾ ಎಂಬ ಕೀಟಗಳ ಮೇಳ ನಡೆಸುವ ವರ್ಷ ಅದನ್ನು ಬಿಡಬೇಡಿ, ಜೀವಂತ ಜಿರಳೆ ಕೈ ಮೇಲೆ ಬಿಡುತ್ತಾರೆ. ಮಗಳು ಕಿರುಚುತ್ತಾಳೆ, ಮಗ ಮನೆಗೆ ತರೋಣ ಅನ್ನುತ್ತಾನೆ. ಕ್ಯಾಂಪಸ್‌ನ ಜಾನ್ಸನ್ ಕಲಾ ಮ್ಯೂಸಿಯಂ ನೋಡಲು ದುಡ್ಡು ಕೊಡಬೇಕಿಲ್ಲ. ಅಕ್ಟೋಬರ್ ಮಧ್ಯದಲ್ಲಿ ಎಲೆಗಳು ಕೆಂಪಾದಾಗ ಐದನೇ ಮಹಡಿಗೆ ಹತ್ತಿ, ಕಯುಗಾ ಸರೋವರ ಉದ್ದಕ್ಕೂ ಕಾಣುತ್ತದೆ.

ನವರಾತ್ರಿಯ ಶನಿವಾರ ನಮ್ಮ ಮನೆಯಲ್ಲಿ ಗೊಂಬೆ ಕೂರಿಸಿರುತ್ತೇನೆ. ಪಟ್ಟದ ಗೊಂಬೆಯ ಕೆಳಗೆ ಸೇಬು, ಕುಂಬಳಕಾಯಿ, ಮಗನ ಡೈನೋಸಾರ್ ಎಲ್ಲ ಇರುತ್ತವೆ. ಹಳದಿ ಮನೆಯಾಕೆ ಉಸಲಿ ತಿನ್ನಲು ತಪ್ಪದೆ ಬರುತ್ತಾರೆ. ನೀವೂ ಬರಬೇಕು.

ಅದಕ್ಕೂ ಮೊದಲು, ಬರುವ ಶನಿವಾರ ಒಂಬತ್ತು ಗಂಟೆಗೆ ನಾನು ಸ್ಟೀಮ್‌ಬೋಟ್ ಲ್ಯಾಂಡಿಂಗ್‌ನ ರೈತರ ಸಂತೆಗೆ ಹೋಗುತ್ತಿದ್ದೇನೆ. ನೀರಿನ ದಂಡೆಯಲ್ಲಿ ಮರದ ಚಪ್ಪರ, 30 ಮೈಲಿ ಒಳಗೆ ಬೆಳೆದದ್ದು, ಮಾಡಿದ್ದು ಮಾತ್ರ ಮಾರಬೇಕು. ನಿಮ್ಮನ್ನು ಮನೆ ಹತ್ತಿರ ಹತ್ತಿಸಿಕೊಳ್ಳುತ್ತೇನೆ. ಇಲ್ಲಿ ಎಂಟು ವರ್ಷದೊಳಗಿನ ಮಕ್ಕಳನ್ನು ಅವರಿಗೆಂದೇ ಇರುವ ಸುರಕ್ಷತಾ ಸೀಟಿಲ್ಲದೆ ಕಾರಿನಲ್ಲಿ ಕೂರಿಸುವ ಹಾಗಿಲ್ಲ. ಮಗನ ತೂಕ ಎಷ್ಟು ಅಂತ ತಿಳಿಸಿ, ಎದುರು ಮನೆಯವರ ಹತ್ತಿರ ಕೇಳಿ ತಂದಿಡುತ್ತೇನೆ.