ನೆರೆ ಹೋದ ಮೇಲಿನ ಲೆಕ್ಕ: ಓದುಗರ ಪ್ರಶ್ನೆಗೆ ಕೃಷಿ ಅರ್ಥಶಾಸ್ತ್ರಜ್ಞರ ಉತ್ತರ

ಪ್ರಶ್ನೆ: ವಾಣಿವಿಲಾಸ ಸಾಗರವು 1933ರ ನಂತರ 2022ರಲ್ಲಿ ಕೋಡಿ ಬಿದ್ದು, ಹಿರಿಯೂರಿನ ಕಡೆ ವೇದಾವತಿಯ ದಂಡೆಯವರಿಗೆ ನಷ್ಟವಾಯಿತು. ಕೋಡಿ ಬೀಳುವುದು ಅಪಶಕುನವೇ?

ಉತ್ತರ: ಅಲ್ಲ. ನಡುವಿನ 89 ವರ್ಷಗಳಲ್ಲಿ ನದಿಪಾತ್ರವನ್ನು ಒತ್ತಿಕೊಂಡು ಬಂದವರನ್ನು ಕೇಳಬೇಕಾದ ಪ್ರಶ್ನೆಯನ್ನು ಶಕುನಕ್ಕೆ ಕೇಳುತ್ತಿದ್ದೀರಿ.

ಪ್ರಶ್ನೆ: ನಾವು ಹೊನ್ನಾಳಿ ತಾಲ್ಲೂಕಿನವರು. ತುಂಗಭದ್ರೆ ಉಕ್ಕಿ ಗದ್ದೆ, ತೋಟ ಎರಡೂ ಮುಳುಗಿದ್ದವು. ಪರಿಹಾರ ಬಂದು, ಮುಂದಿನ ಬೆಳೆ ಕೈಸೇರಿದರೆ ಎಲ್ಲವೂ ಮೊದಲಿನಂತಾಗುತ್ತದೆಯಲ್ಲವೇ?

ಉತ್ತರ: ಮಳೆಗಾಲ ಮುಗಿದಾಗಲೆಲ್ಲ ಬರುವ ಪ್ರಶ್ನೆಯಿದು, ಕೇಳುವವರು ಹೆಚ್ಚಾಗಿ ಪಹಣಿಯಲ್ಲಿ ಹೆಸರುಳ್ಳವರು. ಅವರಿಗೂ ಲೆಕ್ಕ ಸರಿಹೊಂದುವುದಿಲ್ಲ. 2022–26ರ ಅವಧಿಗೆ ಕೇಂದ್ರವು ನಿಗದಿಪಡಿಸಿದ ಮಾನದಂಡದಂತೆ, ಶೇ 33ರಷ್ಟಾದರೂ ಹಾನಿಯಾದ ನೀರಾವರಿ ಬೆಳೆಗೆ ಹೆಕ್ಟೇರಿಗೆ 17,000 ರೂಪಾಯಿ, ಅದೂ 2 ಹೆಕ್ಟೇರಿನ ಮಿತಿಯಲ್ಲಿ. ಎಕರೆಗೆ 7,000 ರೂಪಾಯಿಯೂ ಆಗದ ಈ ಮೊತ್ತದ ಮೇಲೆ ರಾಜ್ಯ ಸರ್ಕಾರ ಒಂದಿಷ್ಟು ಸೇರಿಸಿದರೂ, ಉಳುಮೆ, ನಾಟಿ, ಗೊಬ್ಬರಗಳಿಗೆ ಸುರಿದ ಹಣ ಪೂರ್ತಿ ಮರಳುವುದಿಲ್ಲ.

ಬೇರೆಯವರ ಜಮೀನನ್ನು ಗುತ್ತಿಗೆಗೆ ಮಾಡಿದವರ ಪಾಡಂತೂ ಯಾವ ಸಮೀಕ್ಷೆಗೂ ಸಿಗುವುದಿಲ್ಲ. 1974ರ ಭೂಸುಧಾರಣೆಯಿಂದ ಜಮೀನನ್ನು ಗೇಣಿಗೆ ಕೊಡುವುದು ಹೆಚ್ಚುಕಡಿಮೆ ನಿಷಿದ್ಧವಾದ್ದರಿಂದ ಕರಾರು ಬಾಯಿಮಾತಿನದ್ದಾಗಿರುತ್ತದೆ; ಬೆಳೆ ಕಳೆದುಕೊಂಡವರು ಒಬ್ಬರು, ಪರಿಹಾರ ಜಮೆಯಾಗುವುದು ಇನ್ನೊಬ್ಬರ ಖಾತೆಗೆ. ಬೆಳೆ ಕಳೆದುಕೊಂಡವರು ಮುಂದಿನ ಹಂಗಾಮಿಗೆ ಭತ್ತದ ವ್ಯಾಪಾರಿಯಿಂದಲೇ ಮುಂಗಡ ತಂದು, ಕೊಯ್ಲಾದೊಡನೆ ಆತ ಹೇಳಿದ ದರಕ್ಕೆ ಒಪ್ಪಿಸಬೇಕಾಗುವುದರಿಂದ, ಒಳ್ಳೆಯ ಬೆಳೆ ಬಂದ ವರ್ಷವೂ ಹಳೆಯ ಸಾಲದ ಬಡ್ಡಿಗೇ ಸಂದುಹೋಗುತ್ತದೆ. ಗದ್ದೆ ಕೆಲಸವಿಲ್ಲದೆ ಕೂತ ಕೂಲಿ ಹೆಂಗಸರ ನಷ್ಟಕ್ಕೆ ಪಂಚನಾಮೆಯೇ ಇಲ್ಲ.

ತೋಟದ ವಿಷಯದಲ್ಲಿ ಇನ್ನೂ ಎಚ್ಚರವಿರಲಿ. ಅಡಿಕೆಯ ಬುಡದಲ್ಲಿ ನೀರು ನಿಂತು ಬೇರು ಕೊಳೆತದ್ದು ಗೊತ್ತಾಗುವಷ್ಟರಲ್ಲಿ ಸಮೀಕ್ಷೆ ಮುಗಿದಿರುತ್ತದೆ. ಮರುನೆಟ್ಟ ಸಸಿ ಫಲಕ್ಕೆ ಬರಲು 5ರಿಂದ 7 ವರ್ಷ ಬೇಕು. ತಗ್ಗಿನ ಗದ್ದೆಯಲ್ಲಿ ಸಾಲ ಮಾಡಿ ಅಡಿಕೆ ಹಾಕುವವರಿಗೆ ನನ್ನ ಸಮ್ಮತಿಯಿಲ್ಲ, ಎಷ್ಟು ಸಲ ಕೇಳಿದರೂ. ಗುತ್ತಿಗೆಗೆ ಮಾಡುವವರು ಪರಿಹಾರದ ಪಾಲನ್ನು ಬಿತ್ತುವ ಮೊದಲೇ, ಹಿರಿಯರ ಎದುರು, ಜಮೀನಿನವರೊಂದಿಗೆ ಮಾತಾಡಿಕೊಳ್ಳುವುದು ಲೇಸು.

ಪ್ರಶ್ನೆ: ನೆರೆ ತಂದ ಮೆಕ್ಕಲು ಗೊಬ್ಬರಕ್ಕೆ ಸಮವಂತೆ?

ಉತ್ತರ: ರಭಸದ ನೀರು ಮೇಲ್ಮಣ್ಣನ್ನು ಒಯ್ದು, ಎಷ್ಟೋ ಕಡೆ ಬರೀ ಮರಳನ್ನು ಬಿಟ್ಟಿರುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ. ನೆರೆಯ ಬೆನ್ನಿಗೇ ಬಂದು ಮಣ್ಣು ಸರಿಪಡಿಸುವ ಪುಡಿ ಮಾರುವವರನ್ನು ಬದುವಿನಿಂದಲೇ ವಾಪಸ್ ಕಳುಹಿಸಿ.