ದೇವಯ್ಯ ಅವರಿಗೆ ಪದಕ ಅಷ್ಟು ತಡವಾಗಿದ್ದು ಯಾಕೆ?

ಪ್ರಶ್ನೆ: ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ತೀರಿಕೊಂಡಿದ್ದು 1965ರಲ್ಲಿ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಇಷ್ಟು ವರ್ಷ ಸರ್ಕಾರ ನಿದ್ದೆ ಮಾಡ್ತಿತ್ತಾ? ಅವರ ಹಳೇ ವಿಮಾನ ಪಾಕಿಸ್ತಾನದ ಯುದ್ಧವಿಮಾನ ಸ್ಟಾರ್‌ಫೈಟರನ್ನು ಹೊಡೆದಿದ್ದಾದರೂ ಹೇಗೆ?
– ಒಬ್ಬ ಓದುಗರು, ಗೋಣಿಕೊಪ್ಪ

ಉತ್ತರ: ನಿದ್ದೆ ಅನ್ನೋಕಾಗಲ್ಲ. ಅವರು ಏನು ಮಾಡಿದರು ಅನ್ನೋದನ್ನ ನಮ್ಮ ಕಡೆಯವರು ಯಾರೂ ನೋಡಿರಲೇ ಇಲ್ಲ. ನೋಡಿದ್ದು ಒಬ್ಬರೇ, ಅದೂ ಎದುರಾಳಿ!

ದೇವಯ್ಯ 1932ರಲ್ಲಿ ಹುಟ್ಟಿದವರು, 1954ರಲ್ಲಿ ವಾಯುಪಡೆ ಸೇರಿದರು. 1965ರಲ್ಲಿ ಪಾಕಿಸ್ತಾನದ ಜೊತೆ ಯುದ್ಧ ಶುರುವಾದಾಗ ಹುಡುಗರಿಗೆ ಹಾರಾಟ ಕಲಿಸುವ ಕೆಲಸದಲ್ಲಿದ್ದರು, ಅಲ್ಲಿಂದ ಪಂಜಾಬಿನ ಆದಂಪುರ ವಾಯುನೆಲೆಯ 1ನೇ ಸ್ಕ್ವಾಡ್ರನ್‌ಗೆ ಬಂದರು. ಸೆಪ್ಟೆಂಬರ್ 7ರ ಬೆಳಗಿನ ಜಾವ ವಿಂಗ್ ಕಮಾಂಡರ್ ತನೇಜಾ ನೇತೃತ್ವದಲ್ಲಿ ನಮ್ಮ ಮಿಸ್ಟೇರ್ ಯುದ್ಧವಿಮಾನಗಳು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೊರಟವು. ದೇವಯ್ಯ ಸ್ಟ್ಯಾಂಡ್‌ಬೈ ಅಷ್ಟೇ. ಯಾರಾದರೂ ಹಿಂದುಳಿದರೆ ಮಾತ್ರ ಹೋಗಬೇಕು. ಒಂದು ಜಾಗ ಖಾಲಿಯಾಯ್ತು, ಹೋದರು, ವಾಪಸ್ ಬರಲಿಲ್ಲ. ಕಡತದಲ್ಲಿ ಕಾಣೆಯಾದವರ ಸಾಲಿಗೆ ಸೇರಿದರು. ಜೊತೆಗಿದ್ದವರು ಹೇಳೋಕೆ ಏನೂ ಇರಲಿಲ್ಲ, ಪದಕಕ್ಕೆ ಶಿಫಾರಸು ಯಾವ ಆಧಾರದ ಮೇಲೆ ಮಾಡೋದು?

1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ವಾಯುಪಡೆಯ ಯುದ್ಧದ ಬಗ್ಗೆ ಪುಸ್ತಕ ತಂದರು. ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಅವರ ಸ್ಟಾರ್‌ಫೈಟರ್ ಆ ದಿನ ಒಂದು ಮಿಸ್ಟೇರ್ ಜೊತೆಗಿನ ಕಾಳಗದಲ್ಲಿ ಬಿತ್ತು, ಅವರು ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿಕೊಂಡರು ಅನ್ನೋದು ಅದರಿಂದ ಹೊರಬಿತ್ತು. ಆ ದಾಳಿಯಲ್ಲಿ ಹಿಂತಿರುಗದ ಮಿಸ್ಟೇರ್ ದೇವಯ್ಯ ಅವರದು. ಆಮೇಲೆ ನಮ್ಮ ವಾಯುಪಡೆ ಲೆಕ್ಕ ತಾಳೆ ಹಾಕಿತು. ಪದಕವನ್ನು ಪತ್ನಿ ಸುಂದರಿ ದೇವಯ್ಯ ಸ್ವೀಕರಿಸಿದರು. ಪುಸ್ತಕ ಬಂದಮೇಲೂ ಒಂಬತ್ತು ವರ್ಷ ಹಿಡಿದದ್ದು ಮಾತ್ರ ಜಾಸ್ತಿಯೇ ಆಯ್ತು, ಆ ವಿಷಯದಲ್ಲಿ ನಿಮ್ಮ ಸಿಟ್ಟು ಸರಿ.

ಇನ್ನು ವಿಮಾನದ ಮಾತು. ಸ್ಟಾರ್‌ಫೈಟರ್ ಶಬ್ದಕ್ಕಿಂತ ಎರಡು ಪಟ್ಟು ವೇಗದ್ದು, ಮಿಸ್ಟೇರ್ ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟದು. ಅಮ್ಜದ್ ಮೊದಲು ದೇವಯ್ಯರ ವಿಮಾನಕ್ಕೆ ಗುಂಡು ಹೊಡೆದು, ಮುಗೀತು ಅಂದುಕೊಂಡು ಬೇರೆ ವಿಮಾನಗಳ ಬೆನ್ನು ಹತ್ತಿದರು. ಏಟು ತಿಂದ ವಿಮಾನ ಇಟ್ಟುಕೊಂಡು, ಮನೆ ಕಡೆ ತಿರುಗದೆ, ದೇವಯ್ಯ ಅಮ್ಜದ್ ಮೇಲೇ ಬಿದ್ದರು. ಸ್ಟಾರ್‌ಫೈಟರ್ ನೇರವಾಗಿ ಓಡಿಬಿಟ್ಟಿದ್ದರೆ ಕೈಗೆ ಸಿಗುತ್ತಲೇ ಇರಲಿಲ್ಲ. ಅದರ ರೆಕ್ಕೆ ತೀರಾ ಗಿಡ್ಡ, ಸಣ್ಣ ಸುತ್ತು ಹಾಕೋಕೆ ಆಗಲ್ಲ. ನೆಲದ ಹತ್ತಿರ, ವೇಗ ಇಳಿಸಿ, ತಿರುಗಾಟದ ಕಾಳಗಕ್ಕೆ ಇಳಿದಾಗ ಮಿಸ್ಟೇರ್‌ನ 30 ಮಿ.ಮೀ. ಫಿರಂಗಿಗಳಿಗೆ ಅದು ಸಿಕ್ಕಿಬಿತ್ತು.