ಪಂಪಿನ ಬೋರ್ಡು ಮತ್ತು ಸರ್ಟಿಫಿಕೇಟ್ ತೊಂದರೆ: ಪೆರ್ಲದ ಅಣ್ಣನಿಗೆ ಉತ್ತರ

ಅಣ್ಣ, ಅಡಿಕೆ ತೋಟದ ಪಂಪಿಗೆ ಹಾಕಿದ, ವೈಫೈ ಇರುವ ಚಿಕ್ಕ ಇಎಸ್‌ಪಿ8266 ಬೋರ್ಡು ಕರೆಂಟು ಹೋಗಿ ಬಂದಾಗಲೆಲ್ಲ ಸರ್ವರಿಗೆ ಸೇರುವುದಿಲ್ಲ, ಸರ್ವರಿನ ಗುರುತುಪತ್ರವಾದ ಸರ್ಟಿಫಿಕೇಟ್ ಸರಿಯಿಲ್ಲ ಅನ್ನುತ್ತದೆ ಅಂದಿರಿ. ಮೇಲಿನ ಉತ್ತರದಲ್ಲಿ ಒಬ್ಬರು, ಸರ್ಟಿಫಿಕೇಟ್ ನೋಡುವುದನ್ನೇ ನಿಲ್ಲಿಸುವ ‘ಸೆಟ್‌ಇನ್‌ಸೆಕ್ಯೂರ್’ ಹಾಕಿ ಅಂದಿದ್ದಾರೆ. ದಯವಿಟ್ಟು ಹಾಕಬೇಡಿ. ಸಂಪರ್ಕ ಸಿಗುತ್ತದೆ ನಿಜ, ಆದರೆ ಆಮೇಲೆ ಆ ಕಡೆ ಇರುವುದು ಯಾರು ಅಂತ ಬೋರ್ಡು ನೋಡುವುದೇ ಇಲ್ಲ. ನಡುವೆ ಯಾರಾದರೂ ಸರ್ವರಿನ ವೇಷ ಹಾಕಿ ಕೂತರೆ ಪಾಸ್‌ವರ್ಡನ್ನೂ ಅವರಿಗೇ ಕೊಡುತ್ತದೆ, ಅವರು ಪಂಪ್ ಆನ್ ಅಂದರೆ ಆನ್ ಮಾಡುತ್ತದೆ. ಕೆರೆ ಬತ್ತಿದ ಏಪ್ರಿಲ್‌ನಲ್ಲಿ ಹಾಗಾದರೆ ಮೋಟಾರು ಉಳಿಯುತ್ತದಾ?

ಸರ್ಟಿಫಿಕೇಟ್ ಗುಟ್ಟಿನದ್ದಲ್ಲ, ಕೇಳಿದವರಿಗೆಲ್ಲ ಸರ್ವರ್ ಕೊಡುತ್ತದೆ, ಯಾರು ಬೇಕಾದರೂ ನಕಲು ಇಟ್ಟುಕೊಳ್ಳಬಹುದು. ಗುಟ್ಟಾಗಿರುವುದು ಅದಕ್ಕೆ ಜೋಡಿಯಾದ ಪ್ರೈವೇಟ್ ಕೀ. ಪ್ರತಿ ಸಲವೂ ಬೋರ್ಡು ಹೊಸದೊಂದು ಸಂಖ್ಯೆ ಕಳಿಸುತ್ತದೆ, ಸರ್ವರ್ ಅದನ್ನೂ ಸೇರಿಸಿ ಆ ಕೀಯಿಂದ ಸಹಿ ಹಾಕಬೇಕು, ಬೋರ್ಡು ಅದನ್ನು ಸರ್ಟಿಫಿಕೇಟಿನಲ್ಲಿರುವ ಪಬ್ಲಿಕ್ ಕೀಯಿಂದ ತಾಳೆ ನೋಡುತ್ತದೆ. ನಿನ್ನೆಯ ಸಹಿಯನ್ನು ಕದ್ದು ತಂದರೆ ಇವತ್ತು ನಡೆಯುವುದಿಲ್ಲ. ಇದರ ಜೊತೆಗೆ ಹೆಸರು ಸರಿಯಿದೆಯಾ, ತಾರೀಕು ಮುಗಿದಿಲ್ವಾ, ಸರ್ಟಿಫಿಕೇಟ್ ಕೊಟ್ಟವರ ಸರಪಳಿ ತನ್ನಲ್ಲಿರುವ, ನಂಬಬಹುದಾದ ಮೂಲ ಸರ್ಟಿಫಿಕೇಟ್ ಆದ ರೂಟ್‌ವರೆಗೆ ಮುಟ್ಟುತ್ತದಾ ಅಂತಲೂ ನೋಡುತ್ತದೆ.

ನಿಮ್ಮದು ತಾರೀಕಿನ ತೊಂದರೆ ಅಂತ ನನ್ನ ಅಂದಾಜು. ಈ ಬೋರ್ಡಿನಲ್ಲಿ ಬ್ಯಾಟರಿ ಇರುವ ಗಡಿಯಾರ ಇಲ್ಲ. ಕರೆಂಟು ಹೋದರೆ ಅದರ ಸಮಯ 1970ಕ್ಕೆ ಹೋಗಿ ನಿಲ್ಲುತ್ತದೆ, ಆಗ ಅದರ ಲೆಕ್ಕದಲ್ಲಿ ನಿಮ್ಮ ಸರ್ಟಿಫಿಕೇಟ್ ಇನ್ನೂ ಶುರುವೇ ಆಗಿಲ್ಲ. ‘ಕಾನ್ಫಿಗ್‌ಟೈಮ್’ (ನೆಟ್ಟಿನಿಂದ ಸಮಯ ತರುವ ಕೋಡ್) ಹಾಕಿದರಷ್ಟೇ ಸಾಲದು. ನಮ್ಮ ಕಡೆ ಕರೆಂಟು ಬಂದ ಮೇಲೂ ರೂಟರಿಗೆ ನೆಟ್ ಸಿಗಲು ಸ್ವಲ್ಪ ಹೊತ್ತು ಬೇಕು ಅಲ್ವಾ? ಅದಕ್ಕೆ ಸರಿಯಾದ ಸಮಯ ಬರುವವರೆಗೆ ಲೂಪಿನಲ್ಲಿ ಕಾದು, ಆಮೇಲೆಯೇ ಸರ್ವರಿಗೆ ಸೇರುವ ಹಾಗೆ ಬರೆಯಿರಿ.

ಫಿಂಗರ್‌ಪ್ರಿಂಟ್ (ಆ ಒಂದೇ ಸರ್ಟಿಫಿಕೇಟಿನ ಗುರುತು ಸಂಖ್ಯೆ) ಹಾಕುವ ದಾರಿಯೂ ಬೇಡ. ನಿಮ್ಮದು ಸರ್ಟಿಫಿಕೇಟ್ ಕೊಡುವ ಸಂಸ್ಥೆ ಲೆಟ್ಸ್ ಎನ್‌ಕ್ರಿಪ್ಟ್‌ನ 90 ದಿನದ ಸರ್ಟಿಫಿಕೇಟ್ ಅಂದಿದ್ದೀರಿ, ಪ್ರತಿ ಸಲ ಹೊಸದಾದಾಗಲೂ ತೋಟಕ್ಕೆ ಹೋಗಿ ಕೋಡ್ ಬದಲಿಸಬೇಕಾಗುತ್ತದೆ. ಅದರ ಬದಲು ಅವರ ರೂಟ್ ಸರ್ಟಿಫಿಕೇಟ್ ಆದ ಐಎಸ್‌ಆರ್‌ಜಿ ರೂಟ್ ಎಕ್ಸ್1 ಹಾಕಿ, ಅದಕ್ಕೆ 2035ರ ಜೂನ್‌ವರೆಗೆ ಅವಧಿ ಇದೆ. ಹಳೆಯ ಮಾದರಿ ಕೋಡಿನಲ್ಲಿ ಹಿಂದಿನ ರೂಟ್ ಆದ ಡಿಎಸ್‌ಟಿ ರೂಟ್ ಸಿಎ ಎಕ್ಸ್3 ಇದ್ದರೆ ತೆಗೆಯಿರಿ, ಅದು 2021ರ ಸೆಪ್ಟೆಂಬರ್ 30ಕ್ಕೇ ಮುಗಿದಿದೆ. ಸರ್ವರಿನ ಐಪಿ ವಿಳಾಸ ಕೊಟ್ಟಿದ್ದರೆ ಅದನ್ನೂ ಬದಲಿಸಿ, ಸರ್ಟಿಫಿಕೇಟಿನಲ್ಲಿರುವ ಡೊಮೇನ್ ಹೆಸರನ್ನೇ ಕೊಡಿ. ಪೋರ್ಟ್ (ಸರ್ವರಿಗೆ ಸೇರುವ ಬಾಗಿಲಿನ ಸಂಖ್ಯೆ) 8883 ಇರಲಿ, 1883ರಲ್ಲಿ ಸಾಮಾನ್ಯವಾಗಿ ಎಲ್ಲವೂ ಬಯಲಲ್ಲೇ ಹೋಗುತ್ತದೆ.

ಇಷ್ಟಾದರೂ ಸೇರದಿದ್ದರೆ ‘ಗೆಟ್‌ಲಾಸ್ಟ್‌ಎಸ್‌ಎಸ್‌ಎಲ್‌ಎರರ್’ (ಕೊನೆಯ ತಪ್ಪು ಯಾವುದೆಂದು ಹೇಳುವ ಕೋಡ್) ಏನು ತೋರಿಸುತ್ತದೆ ಅಂತ ಕೋಡಿನ ಜೊತೆ ಇಲ್ಲಿ ಹಾಕಿ. ಹಾಕುವ ಮೊದಲು ವೈಫೈ ಮತ್ತು ಸರ್ವರ್ ಪಾಸ್‌ವರ್ಡ್ ಅಳಿಸಿ.